ಐಬಿಗೆ ಇಂಗ್ಲಿಷಿನಲ್ಲಿ ಎಷ್ಟು ಹೆಸರು? ಪದೇ ಪದೇ ಕೇಳುವ ಪ್ರಶ್ನೆಗಳು

ಡೊಂಬಿವಲಿಯ ನಮ್ಮ ಸೊಸೈಟಿ ಹಾಲಿನಲ್ಲಿ ಭಾನುವಾರ ಸಂಜೆ ಇಂಗ್ಲಿಷ್ ಮಾತಾಡುವ ಕ್ಲಾಸು ನಡೆಸುತ್ತೇನೆ. ಬರುವವರೆಲ್ಲ ಕನ್ನಡದವರೇ. ಹೋಟೆಲಿನ ಕ್ಯಾಷಿಯರ್, ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿಗೆ ಕೆಲಸಕ್ಕೆ ಹೋಗುವ ಹುಡುಗಿಯರು, ಮೊಮ್ಮಕ್ಕಳ ಜೊತೆ ಮಾತಾಡಬೇಕೆನ್ನುವ ಅಜ್ಜಿ, ಪುಣೆಯಿಂದ ಫೋನಿನಲ್ಲೇ ಕೇಳುವ ಒಬ್ಬ ಸಾಫ್ಟ್‌ವೇರ್ ಟೆಸ್ಟರ್. ನಾನು ಟೀಚರ್ ಕೆಲಸಕ್ಕೆ ಓದಿದವಳಲ್ಲ. ಅಂಧೇರಿಯ ಒಂದು ರಫ್ತು ಗಾರ್ಮೆಂಟ್ ಕಾರ್ಖಾನೆಯಲ್ಲಿ 26 ವರ್ಷ ಚೆಕ್ಕಿಂಗ್ ಟೇಬಲ್ ಮುಂದೆ ನಿಂತವಳು. ಅಂಗಿಯಲ್ಲಿ ಐಬು ಕಂಡರೆ ಅಲ್ಲಿಗೆ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸುವುದು, ಪಕ್ಕದ ಹಾಳೆಯಲ್ಲಿ ಅದರ ಹೆಸರು ಬರೆಯುವುದು, ಇದೇ ಕೆಲಸ. ಹೆಸರು ತಪ್ಪಿದರೆ ಒಬ್ಬ ಟೈಲರನ ದಿನದ ಕೂಲಿಗೆ ಪೆಟ್ಟು. ಹಾಗಾಗಿ ಈ ಪದಗಳ ಬಗ್ಗೆ ಸ್ವಲ್ಪ ಜಾಸ್ತಿಯೇ ಹಟ ನನಗೆ. ಕ್ಲಾಸಿನಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ.

## ಮೊದಮೊದಲ ಪ್ರಶ್ನೆಗಳು

ಡಿಕ್ಷನರಿ ತೆಗೆದರೆ ಡಿಫೆಕ್ಟ್, ಫಾಲ್ಟ್, ಫ್ಲಾ ಮೂರಕ್ಕೂ ‘ದೋಷ’ ಅಂತಲೇ ಇದೆ. ಯಾವುದನ್ನ ಎಲ್ಲಿ ಹಾಕೋದು ಟೀಚರ್?

ಡಿಕ್ಷನರಿ ಸುಳ್ಳು ಹೇಳಿಲ್ಲ, ಅರ್ಧ ಹೇಳಿ ನಿಲ್ಲಿಸಿದೆ.

ಡಿಫೆಕ್ಟ್ ಅಂದರೆ ಇರಬೇಕಾದ್ದು ಇಲ್ಲ. ಅಂಗಿಗೆ ಏಳು ಕಾಜ ಇದೆ, ಆರೇ ಗುಂಡಿ ಇದೆ. ಇದು ಡಿಫೆಕ್ಟ್. ವಸ್ತು ತಯಾರಾಗುವಾಗಲೇ ಒಳಗೆ ಸೇರಿಕೊಂಡ ಕೊರತೆ. ಇದರ ಲ್ಯಾಟಿನ್ ಮೂಲಕ್ಕೆ ‘ಕಡಿಮೆ ಬೀಳು, ಕೈಕೊಡು’ ಎಂಬ ಅರ್ಥ. ಒಂದು ಪಕ್ಷದವನು ಇನ್ನೊಂದಕ್ಕೆ ಹಾರಿದರೆ ಪೇಪರಿನವರು ‘ಡಿಫೆಕ್ಟ್ ಆದ’ ಎಂದು ಬರೆಯುತ್ತಾರಲ್ಲ, ಅದೂ ಇದೇ ಬೇರಿನದು. ಕೈಕೊಟ್ಟ ಅಂತಲೇ ಅರ್ಥ.

ಫಾಲ್ಟ್ ಹೆಚ್ಚಾಗಿ ಓಡುವ, ನಡೆಯುವ ವಸ್ತುಗಳದ್ದು. ಲಿಫ್ಟ್ ನಿಂತಿತು, ಕೇಬಲಿನಲ್ಲಿ ಕರೆಂಟು ಬರುತ್ತಿಲ್ಲ, ಅಲ್ಲಿ ಫಾಲ್ಟ್ ಇದೆ. ಆದರೆ ಈ ಪದಕ್ಕೆ ಇನ್ನೊಂದು ಮುಖ ಇದೆ, ಹೊಣೆ. ‘ಇಟ್ ಈಸ್ ಯುವರ್ ಫಾಲ್ಟ್’ ಅಂದರೆ ತಪ್ಪು ನಿನ್ನದು, ಕಾರಣ ನೀನು. ಅಲ್ಲಿ ಡಿಫೆಕ್ಟ್ ಹಾಕಿ ನೋಡಿ. ‘ಇಟ್ ಈಸ್ ಯುವರ್ ಡಿಫೆಕ್ಟ್’ ಅಂದರೆ ಎದುರಿಗಿರುವವನಲ್ಲೇ ಏನೋ ಊನ ಇದೆ ಎಂದ ಹಾಗೆ. ಜಗಳ ಗ್ಯಾರಂಟಿ.

ಫ್ಲಾ ನನಗೆ ಇಷ್ಟದ ಪದ. ಉಳಿದಂತೆ ಚೆನ್ನಾಗಿರುವುದರಲ್ಲಿ ಒಂದು ಬಿರುಕು. ಕೆಲವು ಶತಮಾನದ ಹಿಂದಿನ ಇಂಗ್ಲಿಷಿನಲ್ಲಿ ಇದು ಹಿಮದ ಹಕಳೆಗೆ, ಬೆಂಕಿಯ ಕಿಡಿಗೆ ಹೇಳುವ ಮಾತಾಗಿತ್ತು. ಆಮೇಲೆ ಎದ್ದುಹೋದ ಚೂರು, ಆಮೇಲೆ ಚೂರು ಎದ್ದಲ್ಲಿ ಉಳಿದ ಬಿರುಕು. ಕಣ್ಣಿಗೆ ಕಾಣದ ವಿಷಯಕ್ಕೂ ಇದು ಸಲ್ಲುತ್ತದೆ. ವಾದದಲ್ಲಿ ಫ್ಲಾ, ಯೋಜನೆಯಲ್ಲಿ ಫ್ಲಾ. ಒಂದು ಯೋಜನೆ ‘ಫ್ಲಾಡ್’ ಎಂದರೆ ಬುಡದಲ್ಲೇ ಏನೋ ಕೆಟ್ಟಿದೆ. ‘ಫಾಲ್ಟಿ’ ಯೋಜನೆ ಅಂತ ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ. ಫಾಲ್ಟಿ ಎಂದರೆ ಮಿಕ್ಸರ್, ಸ್ವಿಚ್ಚು, ವೈರಿಂಗ್.

ಮಿಸ್ಟೇಕ್, ಎರರ್ ಎರಡೂ ತಪ್ಪೇ ಅಲ್ವಾ?

ತಪ್ಪೇ. ಆದರೆ ನಮ್ಮ ಸೆಂಟ್ರಲ್ ಲೈನಿನವರಿಗೆ ಬೇಗ ಅರ್ಥವಾಗುವ ಹಾಗೆ ಹೇಳುತ್ತೇನೆ. ಕಸಾರಾ ಕಡೆ ಹೋಗಬೇಕಾದವರು ನೋಡದೆ ಕರ್ಜತ್ ಗಾಡಿ ಹತ್ತಿದಿರಿ. ಕಲ್ಯಾಣ್ ದಾಟಿದ ಮೇಲೆ ಎದೆ ಧಸಕ್ ಎಂದಿತು. ಅದು ನಿಮ್ಮ ಮಿಸ್ಟೇಕ್. ಒಂದನ್ನು ಇನ್ನೊಂದು ಅಂದುಕೊಂಡಿರಿ. ಇಂಡಿಕೇಟರೇ ಕಸಾರಾ ಎಂದು ತೋರಿಸಿ ಬಂದದ್ದು ಕರ್ಜತ್ ಗಾಡಿಯಾದರೆ ಅದು ಎರರ್. ಲೆಕ್ಕ, ಯಂತ್ರ, ದಾಖಲೆ, ಅಚ್ಚು, ಇವುಗಳಲ್ಲಿ ಆಗುವ ತಪ್ಪಿಗೆ ಈ ಪದ ಒಗ್ಗುತ್ತದೆ. ಮನುಷ್ಯನ ತಪ್ಪನ್ನೂ ಎರರ್ ಎನ್ನಬಹುದು, ಆದರೆ ಆಗ ಮಾತು ಸ್ವಲ್ಪ ಕಚೇರಿ ಕಾಗದದ ಥರ ಆಗುತ್ತದೆ. ತಮಾಷೆ ಏನೆಂದರೆ ಎರರ್ ಪದದ ಲ್ಯಾಟಿನ್ ಮೂಲಕ್ಕೆ ‘ಅಲೆ, ದಾರಿ ತಪ್ಪು’ ಎಂಬ ಅರ್ಥ.

ಇಡಿಯಾಗಿ ನೆನಪಿಡಿ: ‘ಬೈ ಮಿಸ್ಟೇಕ್’, ಆದರೆ ‘ಇನ್ ಎರರ್’. ‘ಮಿಸ್ಟೇಕ್ ಆಗಿಹೋಯ್ತು’ ಎನ್ನಲು ‘ಮಿಸ್ಟೇಕ್ ಹ್ಯಾಪನ್ಡ್’ ಎನ್ನಬೇಡಿ. ಇಂಗ್ಲಿಷಿನಲ್ಲಿ ಮಿಸ್ಟೇಕನ್ನು ಸಾಮಾನ್ಯವಾಗಿ ಯಾರಾದರೂ ‘ಮೇಕ್’ ಮಾಡುತ್ತಾರೆ. ಕನ್ನಡದಲ್ಲಿ ಲೋಟ ಕೈಯಿಂದ ಬಿತ್ತು, ತಪ್ಪು ಆಯ್ತು. ನಮ್ಮ ಭಾಷೆ ಸ್ವಲ್ಪ ಉದಾರಿ.

ಗೀರು, ನಗ್ಗು, ಬಿರುಕು, ಕಲೆ ಇದಕ್ಕೆಲ್ಲ ಏನಂತಾರೆ? ಎಲ್ಲದಕ್ಕೂ ಡ್ಯಾಮೇಜ್ ಅಂದರೆ ಸಾಕಲ್ವಾ?

ಸಾಕಾಗುವುದಿಲ್ಲ. ಡ್ಯಾಮೇಜ್ ಅಂದರೆ ಪೆಟ್ಟಾಗಿದೆ ಎಂದಷ್ಟೇ ಆಯಿತು. ಯಾವ ಥರ ಎಂದು ಹೇಳಿದರೆ ತಾನೇ ರಿಪೇರಿಯವನಿಗೆ ಗೊತ್ತಾಗುವುದು?

ಮೇಲ್ಮೈ ಮೇಲೆ ಗೆರೆ ಎದ್ದರೆ ಸ್ಕ್ರ್ಯಾಚ್. ತಂಬಿಗೆ ನಗ್ಗಿದ ಹಾಗೆ ಒಳಗೆ ಹೋದರೆ ಡೆಂಟ್. ಸೀಳಿದೆ, ಆದರೆ ಇನ್ನೂ ಬಿಟ್ಟುಕೊಂಡಿಲ್ಲ, ಅದು ಕ್ರ್ಯಾಕ್. ಕೂದಲೆಳೆಯಷ್ಟು ಸಣ್ಣ ಸೀಳಾದರೆ ಹೇರ್‌ಲೈನ್ ಕ್ರ್ಯಾಕ್. ಇರಾನಿ ಹೋಟೆಲಿನಲ್ಲಿ ಚಹಾದ ಕಪ್ಪು ತುಟಿಗೆ ಇಟ್ಟಾಗ ಅಂಚಿನಲ್ಲಿ ಒರಟಾಗಿ ತಾಕುತ್ತದಲ್ಲ, ಪಿಂಗಾಣಿಯ ಒಂದು ಸಣ್ಣ ಚೂರು ಹಾರಿಹೋದ ಜಾಗ, ಅದು ಚಿಪ್. ‘ಚಿಪ್ಡ್ ಕಪ್’ ಎನ್ನುತ್ತಾರೆ, ‘ಬ್ರೋಕನ್ ಕಪ್’ ಅಲ್ಲ. ಬ್ರೋಕನ್ ಅಂದರೆ ಚಹಾ ನಿಲ್ಲುವುದಿಲ್ಲ.

ಬಟ್ಟೆಯಲ್ಲಿ ಇಳಿದು ಕೂತ ಕಲೆ ಸ್ಟೇನ್. ಬೆರಳು ತಾಕಿ ಮಸುಕಾಗಿದ್ದು ಸ್ಮಜ್, ಒರೆಸಿದರೆ ಹೋಗುತ್ತದೆ. ಮೊಳೆಗೆ ಸಿಕ್ಕಿ ಒಂದು ಎಳೆ ಹೊರಗೆ ಬಂದರೆ ಸ್ನ್ಯಾಗ್. ಸ್ವೆಟರ್ ಮೇಲೆ ಸಣ್ಣ ಸಣ್ಣ ಉಂಡೆ ಕಟ್ಟಿದರೆ ಪಿಲ್ಲಿಂಗ್. ಹೊಲಿಗೆ ಸುಕ್ಕುಗಟ್ಟಿದರೆ ಪಕರಿಂಗ್. ಕೊನೆಯ ಎರಡು ಹೆಸರನ್ನು ನಾನು ಬಾಣದ ಪಕ್ಕ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ.

ಮುಖದ ಮೇಲಿನ, ಹಣ್ಣಿನ ಮೇಲಿನ ಕಲೆಗೆ ಸ್ಟೇನ್ ಅಲ್ಲ, ಬ್ಲೆಮಿಶ್. ಬ್ಲೆಮಿಶ್ ನೋಟ ಕೆಡಿಸುತ್ತದೆ, ಉಪಯೋಗ ಕೆಡಿಸುವುದಿಲ್ಲ. ಸಿಪ್ಪೆ ಮೇಲೆ ಕಪ್ಪು ಚುಕ್ಕಿ ಇರುವ ಆಪೂಸ್ ತಿನ್ನಲು ಏನೂ ಅಡ್ಡಿಯಿಲ್ಲ. ಹೊರಗೆ ಬಂಗಾರದಂತಿದ್ದು ಕೊಯ್ದಾಗ ಒಳಗೆ ಬೆಳ್ಳಗೆ ಸ್ಪಂಜಿನ ಹಾಗಿರುತ್ತದಲ್ಲ, ಅದು ಬ್ಲೆಮಿಶ್ ಅಲ್ಲ, ಡಿಫೆಕ್ಟ್. ಹಣ್ಣಿನವರು ಅದಕ್ಕೆ ಸ್ಪಾಂಜಿ ಟಿಶ್ಯೂ ಎನ್ನುತ್ತಾರೆ. ಡಜನ್ ಲೆಕ್ಕದಲ್ಲಿ ದುಡ್ಡು ಕೊಟ್ಟವರಿಗೆ ಇದರ ಸಂಕಟ ಗೊತ್ತು.

ಆನ್‌ಲೈನ್ ತರಿಸಿದ ಮಿಕ್ಸರ್ ವಾಪಸ್ ಮಾಡುವಾಗ ‘ಡ್ಯಾಮೇಜ್ಡ್’ ಒತ್ತಬೇಕಾ ‘ಡಿಫೆಕ್ಟಿವ್’ ಒತ್ತಬೇಕಾ?

ಜಾರು ಒಡೆದಿದ್ದರೆ, ಡಬ್ಬಿ ಜಜ್ಜಿದ್ದರೆ ಡ್ಯಾಮೇಜ್ಡ್. ಸರಿಯಾಗಿದ್ದ ವಸ್ತುವಿಗೆ ದಾರಿಯಲ್ಲಿ ಪೆಟ್ಟು ಬಿದ್ದಿದೆ ಎಂದು ಅರ್ಥ. ಹೊರಗೆಲ್ಲ ಚೆನ್ನಾಗಿದೆ, ಪ್ಲಗ್ ಹಾಕಿದರೆ ಸದ್ದೇ ಇಲ್ಲ, ಆಗ ಡಿಫೆಕ್ಟಿವ್. ಒಂದರಲ್ಲಿ ಬೊಟ್ಟು ಸಾಗಿಸಿದವನ ಕಡೆ, ಇನ್ನೊಂದರಲ್ಲಿ ತಯಾರಿಸಿದವನ ಕಡೆ. ಅಂಗಡಿಯಲ್ಲಿ ನಾವು ಹೇಳುವ ‘ಡಿಫೆಕ್ಟ್ ಪೀಸ್’ ಇಲ್ಲೆಲ್ಲ ನಡೆಯುತ್ತದೆ. ಬರೆಯುವಾಗ ಮಾತ್ರ ‘ಡಿಫೆಕ್ಟಿವ್ ಪೀಸ್’ ಎಂದು ಬರೆಯಿರಿ.

## ದುಡ್ಡಿನ ಹತ್ತಿರ ಬಂದಾಗ

ಮನೆ ಖಾಲಿ ಮಾಡುವಾಗ ಮಾಲೀಕರು ಡಿಪಾಸಿಟ್ ಹಿಡಿದುಕೊಂಡರು. ಅಗ್ರಿಮೆಂಟಿನಲ್ಲಿ ‘ವೇರ್ ಅಂಡ್ ಟೇರ್’ ಅಂತ ಏನೋ ಇತ್ತು. ಅದು ನಮ್ಮ ಪರವಾ, ಅವರ ಪರವಾ?

ಸಾಮಾನ್ಯವಾಗಿ ನಿಮ್ಮ ಪರ. ಮುಂಬೈಯ 11 ತಿಂಗಳ ಲೀವ್ ಅಂಡ್ ಲೈಸೆನ್ಸ್ ಕರಾರುಗಳಲ್ಲಿ ‘ನಾರ್ಮಲ್ ವೇರ್ ಅಂಡ್ ಟೇರ್ ಎಕ್ಸೆಪ್ಟೆಡ್’ ಎಂಬ ಮಾತು ಮಾಮೂಲು. ಬಳಸಿದರೆ ಸವೆಯುವುದು ಸಹಜ, ಅದನ್ನು ಬಿಟ್ಟು ಉಳಿದ ನಷ್ಟಕ್ಕೆ ನೀವು ಹೊಣೆ ಎಂದು ಅರ್ಥ. ಗೋಡೆ ಬಣ್ಣ ಮಾಸುವುದು, ಬಾಗಿಲ ಹಿಡಿ ಸಡಿಲವಾಗುವುದು ವೇರ್ ಅಂಡ್ ಟೇರ್. ವಾಶ್‌ಬೇಸಿನ್ ಒಡೆದರೆ ಡ್ಯಾಮೇಜ್.

ಠಾಣೆಯಲ್ಲಿ ನಾವು ಬಾಡಿಗೆಗಿದ್ದ ಒಂದು ಮನೆ ಬಿಡುವಾಗ ಅಡುಗೆಕಟ್ಟೆಯ ಗ್ರಾನೈಟ್ ಮೇಲೆ ಅರಿಶಿನದ ಹಳದಿ ಇಳಿದಿತ್ತು. ಮಾಲೀಕರು ಪಟ್ಟಿಯಲ್ಲಿ ‘ಡ್ಯಾಮೇಜ್’ ಎಂದು ಬರೆದಿದ್ದರು. ನಾನು ಅದನ್ನು ಹೊಡೆದು ‘ಸ್ಟೇನ್, ನಾರ್ಮಲ್ ಯೂಸ್’ ಎಂದು ಬರೆದು ಸಹಿ ಹಾಕಿದೆ. ಅರ್ಧ ಗಂಟೆ ವಾದ ಆಯಿತು. ಕೊನೆಗೆ ಆ ಒಂದು ಸಾಲಿನ ದುಡ್ಡು ಬಿಟ್ಟರು.

ಕ್ಯಾಷ್ ಕೌಂಟರಿಗೆ ಹರಿದ ನೋಟು ಬಂದರೆ ಬ್ಯಾಂಕಿನವರು ಸಾಯಿಲ್ಡ್, ಮ್ಯುಟಿಲೇಟೆಡ್ ಅಂತಾರೆ. ಎರಡೂ ಹರಿದ ನೋಟೇ ಅಲ್ವಾ ಅಕ್ಕಾ?

ಎರಡಲ್ಲ, ಮೂರು ಪದ ಇದೆ. ಫೋರ್ಟಿನಲ್ಲಿರುವ ರಿಸರ್ವ್ ಬ್ಯಾಂಕ್ 2009ರ ನೋಟು ಮರುಪಾವತಿ ನಿಯಮದಲ್ಲಿ ಇವನ್ನು ಬೇರೆ ಬೇರೆ ಮಾಡಿ ಇಟ್ಟಿದೆ. ಕೈಯಿಂದ ಕೈಗೆ ಹೋಗಿ ಕೊಳೆಯಾದದ್ದು ಸಾಯಿಲ್ಡ್. ಎರಡೇ ತುಂಡಾಗಿ, ಎರಡೂ ಅದೇ ನೋಟಿನವಾಗಿದ್ದು, ಸೇರಿಸಿ ಅಂಟಿಸಿದಾಗ ಪೂರ್ತಿ ನೋಟು ಆಗುವಂತಿದ್ದರೆ ಅದೂ ಸಾಯಿಲ್ಡೇ. ಒಂದು ಭಾಗ ಕಳೆದುಹೋಗಿದ್ದರೆ, ಇಲ್ಲವೇ ಎರಡಕ್ಕಿಂತ ಜಾಸ್ತಿ ತುಂಡಾಗಿದ್ದರೆ ಮ್ಯುಟಿಲೇಟೆಡ್.

ಮೂರನೆಯದು ಇಂಪರ್ಫೆಕ್ಟ್. ಹೌದು, ಅಧಿಕೃತ ಪದವೇ. ಪ್ಯಾಂಟಿನ ಜೇಬಿನಲ್ಲಿ ಉಳಿದು ವಾಶಿಂಗ್ ಮಶೀನಿಗೆ ಹೋಗಿ ಅಕ್ಷರ ಅಳಿಸಿದ, ಕುಗ್ಗಿದ, ಓದಲಾಗದ ನೋಟು ಇದು. ಭಾಗ ಎಲ್ಲ ಇದೆ, ಓದಲು ಮಾತ್ರ ಬರುವುದಿಲ್ಲ.

ನೀವು ಕ್ಯಾಷಿಯರ್, ಹಾಗಾಗಿ ಲೆಕ್ಕವನ್ನೂ ಹೇಳುತ್ತೇನೆ. 50 ರೂಪಾಯಿ ಮತ್ತು ಮೇಲಿನ ಮ್ಯುಟಿಲೇಟೆಡ್ ನೋಟಿನ ಅತಿ ದೊಡ್ಡ ತುಂಡು ಶೇ. 80ಕ್ಕಿಂತ ಜಾಸ್ತಿ ಇದ್ದರೆ ಪೂರ್ತಿ ಹಣ, ಶೇ. 40ರಿಂದ 80 ಇದ್ದರೆ ಅರ್ಧ. 20 ರೂಪಾಯಿವರೆಗಿನ ನೋಟು ಅರ್ಧಕ್ಕಿಂತ ಜಾಸ್ತಿ ಉಳಿದಿದ್ದರೆ ಪೂರ್ತಿ ಹಣ.

ಫ್ಯಾಷನ್ ಸ್ಟ್ರೀಟಿನಲ್ಲಿ ‘ಎಕ್ಸ್‌ಪೋರ್ಟ್ ಸರ್‌ಪ್ಲಸ್’, ‘ಸೆಕೆಂಡ್ಸ್’ ಅಂತಾರಲ್ಲ, ಅದು ಕೆಟ್ಟ ಮಾಲಾ?

ಸರ್‌ಪ್ಲಸ್ ಅಂದರೆ ಆರ್ಡರಿಗಿಂತ ಹೆಚ್ಚು ಹೊಲಿದು ಉಳಿದದ್ದು, ಕೆಟ್ಟದ್ದಲ್ಲ. ಸೆಕೆಂಡ್ಸ್ ಅಂದರೆ ಸಣ್ಣ ಐಬು ಇರುವ ಎರಡನೇ ದರ್ಜೆ. ರಿಜೆಕ್ಟ್ ಅಂದರೆ ಗಿರಾಕಿ ಬೇಡ ಎಂದದ್ದು. ಅಂಗಡಿಯವನ ಬಾಯಲ್ಲಿ ಮೂರೂ ಸರ್‌ಪ್ಲಸ್ಸೇ. ಬಟ್ಟೆಯನ್ನು ಬೆಳಕಿಗೆ ಹಿಡಿದು, ಕಂಕುಳ ಹೊಲಿಗೆ ಎಳೆದು ನೋಡಿ ಕೊಳ್ಳಿ.

ನಮ್ಮ ಟೇಬಲ್ಲಿನಲ್ಲಿ ಡಿಫೆಕ್ಟಿಗೂ ದರ್ಜೆ ಇತ್ತು. ಅಂಗಿಯೊಳಗೆ ಮುರಿದ ಸೂಜಿಯ ತುಂಡು ಉಳಿದರೆ ಕ್ರಿಟಿಕಲ್. ಗಿರಾಕಿ ವಾಪಸ್ ತರುವಂಥದ್ದು ಮೇಜರ್. ಕತ್ತರಿಸದೆ ಬಿಟ್ಟ ದಾರದ ತುದಿ ಮೈನರ್. ಬಟ್ಟೆಯ ಥಾನು ನೋಡುವಾಗ ‘ಫೋರ್ ಪಾಯಿಂಟ್’ ಲೆಕ್ಕ: ಐಬು 3 ಇಂಚಿನೊಳಗಿದ್ದರೆ 1 ಅಂಕ, 6ರೊಳಗೆ 2, 9ರೊಳಗೆ 3, ಅದಕ್ಕಿಂತ ಉದ್ದವಾದರೆ 4. ನೂರು ಚದರ ಗಜಕ್ಕೆ 40 ಅಂಕ ದಾಟಿದರೆ ಸಾಮಾನ್ಯವಾಗಿ ಥಾನು ವಾಪಸ್.

ಬಿಲ್ಲಿನ ಕೆಳಗೆ ‘ಇ ಅಂಡ್ ಓ ಇ’ ಅಂತ ಯಾಕೆ ಇರುತ್ತೆ?

‘ಎರರ್ಸ್ ಅಂಡ್ ಒಮಿಷನ್ಸ್ ಎಕ್ಸೆಪ್ಟೆಡ್’. ಕೂಡುವುದರಲ್ಲಿ ತಪ್ಪಿದ್ದರೆ, ಏನಾದರೂ ಬಿಟ್ಟುಹೋಗಿದ್ದರೆ ಆಮೇಲೆ ತಿದ್ದುವ ಹಕ್ಕು ನಮಗಿದೆ ಎಂದು ಅಂಗಡಿಯವರು ಮೊದಲೇ ಹೇಳಿಟ್ಟ ಮಾತು.

ನಾನು ಡೈಮಂಡ್ ಬೋರ್ಸಿನಲ್ಲಿ, ಅದೇ ವಜ್ರದ ಮಾರುಕಟ್ಟೆಯಲ್ಲಿ, ರಿಸೆಪ್ಷನ್ನಿಗೆ ಸೇರಿದ್ದೇನೆ. ಅಲ್ಲಿ ‘ವಿವಿಎಸ್’, ‘ಇನ್‌ಕ್ಲೂಷನ್’ ಅಂತ ಮಾತಾಡ್ತಾರೆ. ಡಿಫೆಕ್ಟ್ ಅಂತ ಯಾರೂ ಹೇಳೋದೇ ಇಲ್ಲ ಯಾಕೆ?

ಲಕ್ಷ ರೂಪಾಯಿ ಮಾಲಿನ ಮುಂದೆ ಕೂತು ಡಿಫೆಕ್ಟ್ ಎಂದರೆ ವ್ಯಾಪಾರ ಆಗುತ್ತದಾ ತಾಯಿ? ವಜ್ರದ ಒಳಗಿನ ಐಬಿಗೆ ಇನ್‌ಕ್ಲೂಷನ್ ಎನ್ನುತ್ತಾರೆ, ಒಳಗೆ ‘ಸೇರಿಕೊಂಡದ್ದು’ ಎಂದಷ್ಟೇ. ಮೇಲ್ಮೈಯ ಗೀರು, ಚುಕ್ಕಿಗೆ ಬ್ಲೆಮಿಶ್. ಜಿಐಎ ಎಂಬ ಅಮೆರಿಕದ ಸಂಸ್ಥೆಯ ಅಳತೆಯಲ್ಲಿ 11 ದರ್ಜೆ ಇವೆ. ಹತ್ತು ಪಟ್ಟು ದೊಡ್ಡದಾಗಿಸಿ ನೋಡುತ್ತಾರೆ. ಒಳಗೂ ಹೊರಗೂ ಏನೂ ಕಾಣದಿದ್ದರೆ ಫ್ಲಾಲೆಸ್. ಬ್ಲೆಮಿಶ್ ಮಾತ್ರ ಇದ್ದರೆ ಇಂಟರ್ನಲಿ ಫ್ಲಾಲೆಸ್. ಆಮೇಲೆ ವಿವಿಎಸ್, ಅಂದರೆ ‘ವೆರಿ ವೆರಿ ಸ್ಲೈಟ್ಲಿ ಇನ್‌ಕ್ಲೂಡೆಡ್’, ತೀರಾ ತೀರಾ ಸ್ವಲ್ಪ. ಎಲ್ಲಕ್ಕಿಂತ ಕೆಳಗಿನ ‘ಐ’ ಗುಂಪನ್ನು ಮೊದಲು ಇಂಪರ್ಫೆಕ್ಟ್ ಎನ್ನುತ್ತಿದ್ದರು, ಈಗ ಅದೂ ಇನ್‌ಕ್ಲೂಡೆಡ್. ಕಲ್ಲು ಅದೇ, ಹೆಸರು ಮೆತ್ತಗಾಯಿತು.

## ಸ್ವಲ್ಪ ಆಳದ ಪ್ರಶ್ನೆಗಳು

ನಾನು ಪುಣೆಯಲ್ಲಿ ಟೆಸ್ಟಿಂಗ್ ಮಾಡ್ತೀನಿ. ಬಗ್, ಡಿಫೆಕ್ಟ್, ಎರರ್, ಫೇಲ್ಯೂರ್ ಅಂತ ಇಂಟರ್ವ್ಯೂನಲ್ಲಿ ಕೇಳ್ತಾರೆ. ಗ್ಲಿಚ್ ಬೇರೆನಾ?

ಟೆಸ್ಟಿಂಗ್ ಪುಸ್ತಕಗಳ ಪ್ರಕಾರ ಇದು ಒಂದರ ಹಿಂದೆ ಒಂದು ಬರುವ ಸರಪಳಿ. ಮನುಷ್ಯ ಮಾಡುವುದು ಎರರ್. ಅದರಿಂದ ಕೋಡಿನೊಳಗೆ ಉಳಿಯುವುದು ಡಿಫೆಕ್ಟ್, ಬಗ್ ಎಂದರೂ ಅದೇ. ಆ ಕೋಡು ಓಡಿದಾಗ ಹೊರಗೆ ಕಾಣುವುದು ಫೇಲ್ಯೂರ್. ಎಷ್ಟೋ ಡಿಫೆಕ್ಟು ಆ ಸಾಲು ಓಡದ ಕಾರಣ ಫೇಲ್ಯೂರ್ ಆಗದೆ ಸುಮ್ನೆ ಮಲಗಿರುತ್ತದೆ.

ಬಗ್ ಪದದ ಕಥೆಯನ್ನು ಎಲ್ಲರೂ ಅರ್ಧ ಹೇಳುತ್ತಾರೆ. 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡಿನ ಮಾರ್ಕ್ 2 ಕಂಪ್ಯೂಟರಿನಲ್ಲಿ ಒಂದು ಪತಂಗ ಸಿಕ್ಕಿತ್ತು. ಅದನ್ನು ದಾಖಲೆ ಪುಸ್ತಕಕ್ಕೆ ಅಂಟಿಸಿ ‘ನಿಜವಾದ ಹುಳ ಸಿಕ್ಕ ಮೊದಲ ಪ್ರಸಂಗ’ ಎಂಬರ್ಥದಲ್ಲಿ ಬರೆದರು. ನಿಜವಾದ ಹುಳ ಎಂದದ್ದು ಯಾಕೆ? ಬಗ್ ಎಂಬ ಮಾತು ಆಗಲೇ ಇತ್ತು, ಅದಕ್ಕೇ ಅದು ತಮಾಷೆ. ಎಡಿಸನ್ 1878ರ ಪತ್ರದಲ್ಲೇ ಯಂತ್ರದ ಸಣ್ಣಪುಟ್ಟ ತೊಂದರೆಗಳಿಗೆ ಬಗ್ ಎಂದಿದ್ದ.

ಗ್ಲಿಚ್ ಎಂದರೆ ಒಂದು ಕ್ಷಣ ಕೈಕೊಟ್ಟು ಮತ್ತೆ ಸರಿಹೋಗುವುದು. ಮುಂಬೈ ಹಿಂದಿಯ ‘ಲೋಚಾ’ ಇದರ ಹತ್ತಿರದ ನೆಂಟ. ಆದರೆ ಎಚ್ಚರ: ಎರಡು ದಿನ ಆ್ಯಪ್ ನಿಂತು ಜನರ ದುಡ್ಡು ಸಿಕ್ಕಿಕೊಂಡಾಗಲೂ ‘ಟೆಕ್ನಿಕಲ್ ಗ್ಲಿಚ್’ ಎಂದು ಮೆಸೇಜ್ ಬರುತ್ತದೆ. ಅದು ಗ್ಲಿಚ್ ಅಲ್ಲ, ಫೇಲ್ಯೂರ್.

ಬಿಲ್ಡರ್ ಮೇಲೆ ದೂರು ಕೊಡಬೇಕು. ‘ಡಿಫೆಕ್ಟ್’ ಅಂತ ಬರೀಬೇಕಾ ‘ಡಿಫಿಶಿಯೆನ್ಸಿ’ ಅಂತ ಬರೀಬೇಕಾ?

2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಈ ಎರಡಕ್ಕೂ ಬೇರೆ ಬೇರೆ ವ್ಯಾಖ್ಯೆ ಇದೆ. ವಸ್ತುವಿನ ಗುಣ, ಪ್ರಮಾಣ, ಶುದ್ಧತೆಯಲ್ಲಿ ಕೊರತೆಯಾದರೆ ಡಿಫೆಕ್ಟ್. ಸೇವೆಯಲ್ಲಿ ಕೊರತೆಯಾದರೆ ಡಿಫಿಶಿಯೆನ್ಸಿ. ಎರಡೂ ವ್ಯಾಖ್ಯೆಯೊಳಗೆ ಫಾಲ್ಟ್, ಇಂಪರ್ಫೆಕ್ಷನ್, ಶಾರ್ಟ್‌ಕಮಿಂಗ್ ಪದಗಳನ್ನು ಸಾಲಾಗಿ ಇಟ್ಟಿದ್ದಾರೆ. ಯಾವ ಸಂದಿಯಿಂದಲೂ ನುಸುಳಬಾರದು ಎಂಬ ಮುಂದಾಲೋಚನೆ.

ಫ್ಲ್ಯಾಟಿನ ಗೋಡೆ ಬಿರುಕು, ಚಾವಣಿ ಸೋರುವುದು ಇಂಥವಕ್ಕೆ 2016ರ ರೇರಾ (ರಿಯಲ್ ಎಸ್ಟೇಟ್) ಕಾಯ್ದೆಯ 14ನೇ ಸೆಕ್ಷನ್ ನೋಡಿ. ಮನೆ ಕೈಗೆ ಬಂದ 5 ವರ್ಷದೊಳಗೆ ‘ಸ್ಟ್ರಕ್ಚರಲ್ ಡಿಫೆಕ್ಟ್’ ಅಥವಾ ಕೆಲಸದ ಗುಣಮಟ್ಟದ ಡಿಫೆಕ್ಟ್ ತಿಳಿಸಿದರೆ, ಬಿಲ್ಡರ್ 30 ದಿನದೊಳಗೆ ತನ್ನ ಖರ್ಚಿನಲ್ಲಿ ಸರಿಮಾಡಿಸಬೇಕು. ಹಾಗಾಗಿ ಪತ್ರದಲ್ಲಿ ‘ಪ್ರಾಬ್ಲಮ್’, ‘ಇಶ್ಯೂ’ ಎಂದು ಬರೆಯಬೇಡಿ. ಕಾಯ್ದೆಯ ಪದವನ್ನೇ ಬರೆಯಿರಿ. ನೋಡಿದ ಕೂಡಲೇ ಕಾಣುವುದು ಪೇಟೆಂಟ್ ಡಿಫೆಕ್ಟ್. ಎರಡು ಮಳೆಗಾಲ ಕಳೆದ ಮೇಲೆ ಹೊರಬೀಳುವುದು ಲೇಟೆಂಟ್ ಡಿಫೆಕ್ಟ್.

ಮನುಷ್ಯರ ಬಗ್ಗೆ ಹೇಳುವಾಗ? ನಮ್ಮ ಜೂನಿಯರ್‌ ಒಬ್ಬನ ಅಪ್ರೈಸಲ್ ಬರೀಬೇಕು.

ಡಿಫೆಕ್ಟಿವ್ ಮಾತ್ರ ಬೇಡ, ಮನುಷ್ಯ ಮಿಕ್ಸರ್ ಅಲ್ಲ. ಶಾರ್ಟ್‌ಕಮಿಂಗ್ ಒಳ್ಳೆಯ ಪದ. ಗುರಿಗೆ ಸ್ವಲ್ಪ ಕಡಿಮೆ ಬಿದ್ದಿದ್ದಾನೆ, ಮುಟ್ಟಬಹುದು ಎಂಬ ಧ್ವನಿ ಇದೆ. ವೀಕ್‌ನೆಸ್ ಸ್ವಭಾವದ್ದು. ಫೇಲಿಂಗ್ ಅದಕ್ಕಿಂತ ಗಟ್ಟಿ. ಡ್ರಾಬ್ಯಾಕ್ ಎನ್ನುವುದು ವ್ಯವಸ್ಥೆಗೆ, ವಸ್ತುವಿಗೆ, ಜನರಿಗಲ್ಲ.

‘ಜನರಸ್ ಟು ಅ ಫಾಲ್ಟ್’ ಎಂಬುದನ್ನು ಒಬ್ಬರು ಬೈಗುಳ ಅಂದುಕೊಂಡಿದ್ದರು. ಅಲ್ಲ. ಕೊಡುಗೈ ಎಷ್ಟೆಂದರೆ ಅದೇ ದೋಷ ಎನ್ನುವಷ್ಟು.

ಲಂಡನ್ ಕ್ಲೈಂಟ್ ‘ನಾಟ್ ಐಡಿಯಲ್’ ಅಂತ ಬರೆದಿದ್ದಾರೆ. ಪರವಾಗಿಲ್ಲ ಅಂತ ತಾನೇ?

ಪರವಾಗಿಲ್ಲ ಅಲ್ಲ! ಬ್ರಿಟಿಷರ ಬಾಯಲ್ಲಿ ‘ನಾಟ್ ಐಡಿಯಲ್’ ಎಂದರೆ ಎಷ್ಟೋ ಸಲ ‘ಹೀಗೆ ಮಾಡಿದಿರಲ್ಲ’ ಎಂದೇ ಅರ್ಥ. ನಮ್ಮ ಒಬ್ಬ ಬೈಯರ್ ಕಾಲರ್ ಎರಡೂ ತುದಿ ಹೊಂದದ ಅಂಗಿಯನ್ನು ಹಿಡಿದು ‘ಅ ಬಿಟ್ ಅನ್‌ಫಾರ್ಚುನೇಟ್’ ಎಂದು ನಕ್ಕರು. ನಾವೂ ನಕ್ಕೆವು. ಮಾರನೇ ದಿನ ಇಡೀ ಲಾಟು ಆಲ್ಟರಿಗೆ, ಅಂದರೆ ತಿದ್ದುವುದಕ್ಕೆ, ವಾಪಸ್ ಬಂತು. ನಮ್ಮ ಮನೆಗಳಲ್ಲೂ ಬೀಗರು ‘ಸಾರು ಚೆನ್ನಾಗಿದೆ, ಉಪ್ಪು ಒಂದ್ಚೂರು…’ ಎಂದು ನಿಲ್ಲಿಸುತ್ತಾರಲ್ಲ, ಹಾಗೆ.

‘ನಿಟ್‌ಪಿಕಿಂಗ್’ಗೆ ಕನ್ನಡದಲ್ಲಿ ಏನು?

ಮೊಸರಲ್ಲಿ ಕಲ್ಲು ಹುಡುಕುವುದು. ನಿಟ್ ಎಂದರೆ ಹೇನಿನ ಮೊಟ್ಟೆ, ನಮ್ಮ ಸೀರು. ತಲೆ ಹಿಡಿದು ಒಂದೊಂದೇ ಸೀರು ತೆಗೆಯುವ ಕೆಲಸ ಎಂದು ಅವರ ಮಾತು. ಸೀರು ತಲೆಯಲ್ಲಿ ನಿಜವಾಗಿ ಇರುತ್ತದೆ, ಮೊಸರಲ್ಲಿ ಕಲ್ಲು ಇರುವುದೇ ಇಲ್ಲ. ನಮ್ಮದು ಸ್ವಲ್ಪ ಜಾಸ್ತಿ ಖಾರ. ಮನೆಯಲ್ಲಿ ನನಗೆ ಈ ಬಿರುದು ಯಾವತ್ತೋ ಸಿಕ್ಕಿದೆ.

ಇಂಪರ್ಫೆಕ್ಟ್ ಅಂದರೆ ‘ಕೆಟ್ಟದ್ದು’ ಅಂತಲಾ ಕೊನೆಗೆ? ನಮ್ಮ ‘ಐಬು’ ಅದಕ್ಕೆ ಸರಿಹೊಂದುತ್ತಾ?

ಪರ್ಫೆಕ್ಟ್ ಪದದ ಲ್ಯಾಟಿನ್ ಮೂಲಕ್ಕೆ ‘ಮಾಡಿ ಮುಗಿಸು’ ಎಂಬ ಅರ್ಥ. ಹಾಗಾಗಿ ಇಂಪರ್ಫೆಕ್ಟ್ ಎಂದರೆ ಮುಗಿಯದ್ದು. ಲ್ಯಾಟಿನ್, ಫ್ರೆಂಚ್ ವ್ಯಾಕರಣದಲ್ಲಿ ಇಂಪರ್ಫೆಕ್ಟ್ ಎಂಬ ಕಾಲವೇ ಇದೆ. ‘ಮಾಡುತ್ತಿದ್ದೆ’ ಎಂಬುದು ಅದು, ‘ಮಾಡಿದೆ’ ಅಲ್ಲ.

ಐಬು ಬೇರೆ. ಅರಬ್ಬಿಯಿಂದ ಪಾರಸಿ ಹಾದು ಬಂದ ಮಾತು, ಮರಾಠಿಯಲ್ಲೂ ‘ಐಬ್’ ಇದೆ. ಹಾಗಾಗಿ ಪಕ್ಕದ ಮನೆ ಮಾವಶಿಗೆ ತರ್ಜುಮೆ ಬೇಕಿಲ್ಲ. ಕೈಕಾಲಿನ ಊನಕ್ಕೂ, ಸೀರೆಯ ಐಬಿಗೂ, ಗಂಡಿನ ಕುಡಿತಕ್ಕೂ ಇದೊಂದೇ ಪದ ಸಾಕಾಗುತ್ತದೆ. ಇಂಗ್ಲಿಷಿನಲ್ಲಿ ಇಷ್ಟು ಅಗಲದ ಪದ ನನಗೆ ಸಿಕ್ಕಿಲ್ಲ. ಬಾಣದ ಪಕ್ಕ ಏನು ಬರೆಯುವುದೆಂದು ತೋಚದಿದ್ದಾಗ ಮೊದಮೊದಲು ನಾನು ಕನ್ನಡದಲ್ಲಿ ‘ಐಬು’ ಎಂದೇ ಗೀಚಿಬಿಡುತ್ತಿದ್ದೆ. ಸೂಪರ್‌ವೈಸರ್ ಮರಾಠಿಯವರು, ಕನ್ನಡ ಅಕ್ಷರ ಬರುತ್ತಿರಲಿಲ್ಲ. ಏನಿದು ಎಂದು ಕೇಳಿದರು. ಓದಿ ಹೇಳಿದೆ. ‘ಅದು ಗೊತ್ತು, ಯಾವ ಐಬು ಹೇಳು’ ಎಂದು ಹಾಳೆ ವಾಪಸ್ ಕೊಟ್ಟರು.